ಮೂರನೆಯ ಕಾದಂಬರಿಯ ಸಾರು

ಇವತ್ತು ಬಾಗಿಲಿಗೆ ನೀರು ಹಾಕಿ ರಂಗೋಲಿ ಇಟ್ಟೆ, ಬಾವಿಯಿಂದ ನೀರು ಸೇದಿದೆ, ಸ್ಟೌವಿನ ಬತ್ತಿ ಕತ್ತರಿಸಿದೆ, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ, ಅಕ್ಕಿ ಆರಿಸಿದೆ. ಮದುವೆಯಾಗಿ ಮತ್ತಿಕೆರೆಗೆ ಬಂದಂದಿನಿಂದ ಇದೇ ಕೆಲಸ. ಒಂದು ದಿನವೂ ಸಾಕೆಂದು ನಿಲ್ಲಿಸಿದವಳಲ್ಲ. ಬರೆಯುವವರು ಮಾತ್ರ ಎರಡು ಪುಸ್ತಕಕ್ಕೇ ಹೇಗೆ ಕೈತೊಳೆದುಕೊಳ್ಳುತ್ತಾರೋ! ನನ್ನ ಮೆಚ್ಚಿನ ಲೇಖಕಿ ಹಾಗೇ ಮಾಡಿದರು. ಆ ಎರಡು ಕಾದಂಬರಿಗಳನ್ನೂ ನಾನು ಓದಿ, ಓದಲು ಬಾರದ ಅತ್ತೆಗೂ ಓದಿ ಹೇಳಿ, ಅವುಗಳ ಹೊಲಿಗೆಯೇ ಬಿಚ್ಚಿಹೋಗಿದೆ. ಮೂರನೆಯದಕ್ಕೆ ಕಾದು ಕಾದು ನನ್ನ ತಲೆ ನರೆಯಿತು.

ಆಕೆ ಯಲಹಂಕದಲ್ಲಿ ನಮ್ಮ ಓರಗಿತ್ತಿಯ ಬೀದಿಯಲ್ಲೇ ಇದ್ದಾರೆಂದು ಮೊನ್ನೆ ತಿಳಿಯಿತು. ಕೇಳಿಯೇ ಬಿಡೋಣವೆಂದು ಮಧ್ಯಾಹ್ನ ಯಶವಂತಪುರದಲ್ಲಿ ರೈಲು ಹತ್ತಿದೆ.

ಲೇಖಕಿ ನಡುಮನೆಯಲ್ಲಿ ಕಾಲು ಚಾಚಿ, ಬೋಗುಣಿಯಲ್ಲಿ ನೆನೆಹಾಕಿದ ಅವರೆಕಾಳನ್ನು ಸಿಪ್ಪೆಯಿಂದ ಹಿದುಕುತ್ತಾ ಕೂತಿದ್ದರು.

"ಯಾಕಮ್ಮಾ ಮತ್ತೆ ಬರೀಲಿಲ್ಲ?" ಎಂದೆ.

"ಲೇಖನಿ ಹಿಡಿದ್ರೆ ಒಂದಕ್ಷರ ಹೊಳೆಯಲ್ಲ ಕಣ್ರೀ. ಕಾಳು ಹಿದುಕ್ತಾ ಕೂತ್ರೆ ಕಥೆ ತಾನಾಗೇ ಬರುತ್ತೆ. ಆಗ ಕೈಯೆಲ್ಲ ಒದ್ದೆ! ಮೊದಲೆರಡು ನಾನು ಹೇಳ್ದೆ, ನಮ್ಮ ನಾದಿನಿ ಬರ್ಕೊಂಡ್ಲು. ಅವಳು ಮದುವೆಯಾಗಿ ಹೋದ್ಳು, ಅಲ್ಲಿಗೆ ಮುಗೀತು."

ಹೀಗೆನ್ನುತ್ತಲೇ ಹೊಸ ಕಥೆಯೊಂದನ್ನು ಶುರುಮಾಡಿಯೇ ಬಿಟ್ಟರು. ಗಿರಿಜೆ ಎಂಬ ಹುಡುಗಿ ಅಣ್ಣನ ಜೊತೆ ಜಗಳವಾಡಿ, ಟ್ರಂಕು ಹೊತ್ತು ರೈಲ್ವೆ ಸ್ಟೇಷನ್ನಿಗೆ ಬಂದಿದ್ದಾಳೆ. ನನಗೆ ಮೈಮರೆತುಹೋಯಿತು. ಬರಿಗೈಲಿ ಕೂತು ಕೇಳುವುದು ನನ್ನ ಜಾಯಮಾನವಲ್ಲ. ಸೆರಗು ಸಿಕ್ಕಿಸಿ ನಾನೂ ಬೋಗುಣಿಗೆ ಕೈಹಾಕಿದೆ. ಅವರೆ ಹಿದುಕುವುದರಲ್ಲಿ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಕಥೆ ಏರಿದಷ್ಟೂ ನನ್ನ ಬೆರಳು ಚುರುಕಾಯಿತು. ರೈಲು ಬಂತು, ಗಿರಿಜೆ ಎದ್ದು ನಿಂತಳು. ನಾನು ತಳ ತಡಕಿದೆ. ಬರೀ ನೀರು.

ಲೇಖಕಿ ಕೈ ಒರೆಸಿಕೊಂಡು ಎದ್ದರು.

"ಅಯ್ಯೋ, ಹತ್ತಿದಳಾ ಇಲ್ವಾ?"

"ನನಗೇನ್ ಗೊತ್ತು? ಇನ್ನೊಂದು ಸೇರು ಇದ್ದಿದ್ರೆ ಗೊತ್ತಾಗ್ತಿತ್ತೇನೋ. ಈ ವರ್ಷದ ಅವರೆ ಇದೇ ಕೊನೆ. ಎಷ್ಟ್ ಬೇಗ ಮುಗಿಸಿಕೊಟ್ರಿ ತಾಯಿ, ತಗೊಳ್ಳಿ ನಿಮಗೂ ಸ್ವಲ್ಪ," ಎಂದು ಒಂದು ಬಟ್ಟಲು ಬೇಳೆಯನ್ನು ಬಾಳೆಲೆಯಲ್ಲಿ ಕಟ್ಟಿಕೊಟ್ಟರು.

ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತೆಗೆ ಎಲ್ಲ ಹೇಳಿದೆ. ಅತ್ತೆ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು.

"ಅಲ್ವೇ, ಊರಿಗೆಲ್ಲ ಕಾಗದ ಬರೆದುಕೊಡೋಳು ನೀನು. ಆಯಮ್ಮನಿಗೆ ಬೇಕಿದ್ದದ್ದು ಬರೆಯೋ ಕೈ. ನೀನು ಹೋಗಿ ಕಾಳು ಹಿದುಕಿ ಬಂದ್ಯಾ?"

ನಾನು ಸಾರಿಗೆ ಒಗ್ಗರಣೆ ಹಾಕಿದೆ.

ರಾತ್ರಿ ರಾಗಿ ಮುದ್ದೆ, ಹಿದುಕಬೇಳೆ ಸಾರು. ಯಜಮಾನರು ಎರಡು ಸಲ ಬಡಿಸಿಕೊಂಡು, "ಹತ್ತಿದಳು ಅಂದ್ಕೋ, ಆಯ್ತಲ್ಲ," ಎಂದು ಮೊದಲು ಮಲಗಿ ಗೊರಕೆ ಹೊಡೆದರು. ಅತ್ತೆಯೂ ನಾನೂ ಇನ್ನೂ ಸ್ಟೇಷನ್ನಿನಲ್ಲೇ ಇದ್ದೆವು.