ಪಕ್ಕದ ಸೀಟಿನ ಬ್ರೇಕು

ಕಾರಿಗೆ ನನ್ನ ಮನಸ್ಸಿನ ಮಾತು ತಿಳಿಯುತ್ತದೆ ಎಂದು ನಾನು ಸುಮಾರು ದಿನ ನಂಬಿಕೊಂಡಿದ್ದೆ. ಹೇಳಿಕೊಳ್ಳಲು ನಾಚಿಕೆಯೇ. ಆದರೆ ನಾನು ಹೇಳದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ, ಅವಳು ಹೇಳಿದರೆ ಇನ್ನೂ ಚೆನ್ನಾಗಿರುತ್ತದೆ. ಶಿರಸಿಯಲ್ಲಿ ಯಾಸೀನ್ ಭಾಯಿಯ ಹತ್ತಿರ ಡ್ರೈವಿಂಗ್ ಕಲಿಯುತ್ತಿದ್ದ ಕಾಲ. ಬನವಾಸಿ ರಸ್ತೆಯಲ್ಲಿ ಗುಡ್ನಾಪುರದ ಕೆರೆಯ ತನಕ ಹೋಗಿ ಬರುವುದು ಪಾಠ. ಎದುರಿಗೆ ಎಮ್ಮೆ ಬಂತು, 'ನಿಲ್ಲಬೇಕಲ್ಲಪ್ಪ' ಎಂದುಕೊಳ್ಳುವಷ್ಟರಲ್ಲಿ ಕಾರು ನಿಂತಿರುತ್ತಿತ್ತು. ತಿರುವಿನಲ್ಲಿ ಬಸ್ಸು ಕಂಡು ಎದೆ ಝಲ್ಲೆಂದರೆ ಕಾರೂ ಝಲ್ಲೆಂದು ನಿಧಾನವಾಗುತ್ತಿತ್ತು. ಡ್ರೈವಿಂಗ್ ಅಂದರೆ ಕೈಕಾಲಿನ ಕೆಲಸ ಅಲ್ಲ, ಏಕಾಗ್ರತೆ ಎಂದು ನಾನು ಕೆಲಸ ಮಾಡುವ ಟೈಲ್ಸ್ ಅಂಗಡಿಯಲ್ಲಿ ಭಾಷಣ ಕೊಡಲು ಶುರುಮಾಡಿದ್ದೆ.

ಕೊನೆಯ ದಿನ ಯಾಸೀನ್ ಭಾಯಿ ಚಹಾಕ್ಕೆಂದು ಇಳಿದು, ಕಾರನ್ನು ಸ್ವಲ್ಪ ಮುಂದೆ ಹಾಕಿ ನಿಲ್ಲಿಸಿ ಎಂದರು. ಮುಂದೆ ಹಾಕಿದೆ. ಕಣ್ಣು ಕಿರಿದು ಮಾಡಿ, ಪೂರ್ತಿ ಏಕಾಗ್ರತೆಯಿಂದ 'ನಿಲ್ಲು' ಎಂದುಕೊಂಡೆ. ನಮ್ಮದೇ ಅಂಗಡಿಯ ಮುಂದೆ ಗಿರಾಕಿಗಳು ನೋಡಲಿ ಎಂದು ಇಟ್ಟಿದ್ದ ಬಿಳಿ ಕಮೋಡಿಗೆ ತಾಗಿ ಕಾರು ನಿಂತಿತು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದೆ ಎನ್ನುವುದು ನನಗೆ ಗೊತ್ತಾದದ್ದು ಅವತ್ತು. ಅಷ್ಟು ದಿನವೂ ಓಡಿಸಿದ್ದು ನಾನು, ನಿಲ್ಲಿಸಿದ್ದು ಯಾಸೀನ್ ಭಾಯಿ.

ಲೈಸೆನ್ಸ್ ಮಾತ್ರ ಬಂತು. ಮೈದಾನದಲ್ಲಿ ಎಂಟು ಬರೆದು ತೋರಿಸಿದೆ. ಅಲ್ಲಿ ಎಮ್ಮೆ ಇರಲಿಲ್ಲ.

ಆ ಲೈಸೆನ್ಸನ್ನು ಕಿಸೆಯಲ್ಲಿಟ್ಟುಕೊಂಡು ಕಳೆದ ಭಾನುವಾರ ನಾನು ಹೆಂಡತಿ ನೇತ್ರಾಳ ಜೊತೆ ಜಗಳಕ್ಕೆ ಕೂತೆ. ಮದುವೆಯಾದ ಮೇಲೆ ಮೊದಲ ಸಲ ಇಬ್ಬರೂ ರಜೆ ಹೊಂದಿಸಿ ಮಂಗಳೂರು ನೋಡಲು ಹೊರಟಿದ್ದೆವು. ಅವಳಿಗೆ ಗೈಡ್ ಇರುವ ಬಸ್ಸು ಬೇಕು: ಬೆಳಿಗ್ಗೆ ಹತ್ತಿಸಿಕೊಂಡು, ದೇವಸ್ಥಾನ, ಮ್ಯೂಸಿಯಂ ಎಲ್ಲ ತೋರಿಸಿ, ಸಂಜೆ ಸಮುದ್ರದ ಹತ್ತಿರ ಬಿಡುವಂಥದ್ದು. ನನಗೆ ಅಲ್ಲಿ ಒಂದು ಕಾರು ಬಾಡಿಗೆಗೆ ಹಿಡಿದು ಖುದ್ದು ಓಡಿಸಬೇಕು. ನೇತ್ರಾ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಮಾತು ಸಾಕು ಅನಿಸಿದಾಗ ಮಷೀನ್ ತುಳಿಯುತ್ತಾಳೆ, ಆ ಸದ್ದಿನಲ್ಲಿ ಯಾರ ಮಾತೂ ಕೇಳುವುದಿಲ್ಲ. ಅವತ್ತು ಬೆಳಗಿನಿಂದ ಬಹಳ ಬ್ಲೌಸುಗಳಾಗಿದ್ದವು.

ನಾನು: ಗೈಡ್ ಬಸ್ಸು ಅಂದ್ರೆ ಶಾಲೆ ಮಕ್ಕಳ ಪ್ರವಾಸ, ಮಾರಾಯ್ತಿ. ಇಳಿಸ್ತಾರೆ, ಸೀಟಿ ಊದ್ತಾರೆ, ತಲೆ ಎಣಿಸ್ತಾರೆ, ಮತ್ತೆ ಹತ್ತಿಸ್ತಾರೆ.

ನೇತ್ರಾ: ಎಣಿಸ್ಲಿ. ನಾನಿದ್ದೇನಾ ಇಲ್ವಾ ಅಂತ ಯಾರಾದ್ರೂ ತಿರುಗಿ ನೋಡಿ ಸುಮಾರು ಕಾಲ ಆಯ್ತು.

ನಾನು: ನಮ್ಮ ಕೈಲಿ ಕಾರಿದ್ರೆ ಬೇಕಾದಲ್ಲಿ ನಿಲ್ಸಬಹುದು.

ನೇತ್ರಾ: ನಿಲ್ಸೂದು ಅಂದ್ರಲ್ಲ, ಅಲ್ಲೇ ನಂಗೆ ಸಂಶಯ.

ನಾನು: ಗೈಡ್ ತೋರಿಸಿದ್ದನ್ನೇ ನೋಡ್ಬೇಕಾಗ್ತದೆ.

ನೇತ್ರಾ: ನೀವು ತೋರಿಸಿದ್ದನ್ನ ಗೋಕರ್ಣದಲ್ಲಿ ನೋಡಿ ಆಗಿದೆಯಲ್ಲ.

ಗೋಕರ್ಣದ್ದು ಹಿಂದೊಮ್ಮೆ ಒಂದು ಭಾನುವಾರದ ಕಥೆ. ಅಲ್ಲಿ ಯಾರನ್ನೂ ದಾರಿ ಕೇಳದೆ, ಯಾರಿಗೂ ಗೊತ್ತಿಲ್ಲದ ಜಾಗದಲ್ಲಿ ಸೂರ್ಯಾಸ್ತ ತೋರಿಸುತ್ತೇನೆಂದು ಅವಳನ್ನು ಕರೆದುಕೊಂಡು ಹೋಗಿದ್ದೆ. ಅದು ಒಂದು ಲಾಡ್ಜಿನ ಅಡುಗೆಮನೆಯ ಹಿಂಭಾಗ. ತೆಂಗಿನಸಿಪ್ಪೆಯ ರಾಶಿಯ ಹಿಂದೆ ಸೂರ್ಯ ಮುಳುಗಿದ್ದನ್ನು ಇಬ್ಬರೂ ನೋಡಿದೆವು. ಯಾರಿಗೂ ಗೊತ್ತಿಲ್ಲದ ಜಾಗ ಅದು ಎನ್ನುವುದಂತೂ ಸುಳ್ಳಾಗಲಿಲ್ಲ.

ಇಷ್ಟಕ್ಕೂ ನಮ್ಮ ಕಷ್ಟ ಬಸ್ಸು ಕಾರುಗಳದ್ದು ಮಾತ್ರ ಆಗಿರಲಿಲ್ಲ, ಮಂಗಳೂರಿನದ್ದೇ ಆಗಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು ಸುಮ್ಮನೆ ಮಂಗಳೂರಿಗೆ ಹೋಗುವುದಿಲ್ಲ. ಹೊರಟಿದ್ದಾರೆ ಎಂದರೆ ಯಾರಿಗೋ ಏನೋ ಆಗಿದೆ, ಇಲ್ಲಿಯ ಡಾಕ್ಟರು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ ಎಂದು ಹೇಳಿದ್ದಾರೆ ಎಂದೇ ಅರ್ಥ. ರಜೆ ಕೇಳಿದಾಗ ಅಂಗಡಿಯ ಮಾಲಕರು ವಿಶ್ವೇಶ್ವರಣ್ಣ ದನಿ ಇಳಿಸಿ, ಯಾರಿಗೆ ಎಂದು ಕೇಳಿದರು. ಯಾರಿಗೂ ಏನೂ ಇಲ್ಲ, ಊರು ನೋಡಲು ಎಂದೆ. ಅವರು ನನ್ನ ಭುಜ ಮುಟ್ಟಿ, ಧೈರ್ಯವಾಗಿರು ಎಂದರು. ಹೊಲಿಯಲು ಬ್ಲೌಸು ಕೊಟ್ಟಿದ್ದ ತನುಜಾ ಅವತ್ತೇ ಎಳನೀರು ತಂದಿಟ್ಟು, ತನಗೆ ಬ್ಲೌಸಿನ ಅವಸರವೇನೂ ಇಲ್ಲ ಎಂದು ಹೇಳಿ, ನೇತ್ರಾಳ ಮುಖವನ್ನು ಮರುಕದಿಂದ ನೋಡಿ ಹೋದಳು. ಎಳನೀರು ನಾನು ಕುಡಿದೆ.

ಮಧ್ಯಾಹ್ನ ಯಾಸೀನ್ ಭಾಯಿ ಬಂದರು. ಕಲಿಸುವುದು ಬೆಳಿಗ್ಗೆ ಮಾತ್ರ, ಉಳಿದ ಹೊತ್ತು ಅವರು ಟ್ಯಾಕ್ಸಿ ಓಡಿಸುತ್ತಾರೆ. ನನ್ನ ಪರ ಸಾಕ್ಷಿಯಾಗಿ ಅವರನ್ನು ಕರೆದದ್ದು ನಾನೇ.

ನಾನು: ಭಾಯ್, ನಿಮಗೆ ಮಂಗ್ಳೂರು ಎಷ್ಟು ಗೊತ್ತು ಅಂತ ಇವ್ಳಿಗೆ ಹೇಳಿ.

ಯಾಸೀನ್: ಕಣ್ಣು ಮುಚ್ಚಿ ಓಡಿಸ್ತೀನಿ.

ನೇತ್ರಾ: ಇವ್ರೂ ಹಂಗೇ ಓಡ್ಸೂದು, ಭಾಯ್.

ನಾನು: ಸಮುದ್ರಕ್ಕೆ ದಾರಿ ಹೆಂಗೆ, ಅದೊಂದು ಹೇಳಿ.

ಯಾಸೀನ್: ಅದೆಂತ ದೊಡ್ಡದು. ಸೀದಾ ಹೋದ್ರೆ ಹಾರ್ಟಿನ ಆಸ್ಪತ್ರೆ ಸಿಗ್ತದೆ. ಅಲ್ಲಿ ಎಡಕ್ಕೆ ಹೊಡೀರಿ. ಕಿಡ್ನೀದು ದಾಟಿ ಮೂಳೇದು ಬಂತಾ, ಅದರ ಹಿಂದಿನ ಗೇಟಲ್ಲಿ ನಿಲ್ಸಿ. ಅಲ್ಲಿ ಗಾಡಿಗೆ ನೆರಳು ಅದೆ.

ನೇತ್ರಾ: ಸಮುದ್ರ?

ಯಾಸೀನ್: ಅಲ್ಲೇ ಆಚೆ ಎಲ್ಲೋ ಅದೆ ಅಂತಾರೆ. ಗಾಳಿ ಬರ್ತದೆ.

ನೇತ್ರಾ: ಇಷ್ಟು ವರ್ಷ ಹೋಗಿ ನೀವು ನೋಡಿಲ್ವಾ?

ಯಾಸೀನ್: ಪೇಶಂಟ್ ಒಳಗೆ ಮಲಗಿರ್ತಾರೆ ನೇತ್ರಕ್ಕ. ಡ್ರೈವರ್ ಸಮುದ್ರ ನೋಡ್ಲಿಕ್ಕೆ ಹೋಗಿದ್ದ ಅಂತ ಗೊತ್ತಾದ್ರೆ ಶಿರಸೀಲಿ ನನ್ನ ಗಾಡಿ ಯಾರಾದ್ರೂ ಹತ್ತತಾರಾ?

ಸಾಕ್ಷಿ ಕೈಕೊಡುತ್ತಿರುವುದು ನನಗೆ ಕಾಣುತ್ತಿತ್ತು. ಆದರೆ ಭಾಯಿಯೇ ಒಂದು ದಾರಿ ಹುಡುಕಿದರು. ಅಲ್ಲಿ ಹೋಗಿ ಬಾಡಿಗೆ ಕಾರು ಯಾಕೆ, ಕಲಿಸುವ ಕಾರನ್ನೇ ಇಲ್ಲಿಂದ ಒಯ್ಯಿರಿ, ನೇತ್ರಕ್ಕ ಪಕ್ಕದಲ್ಲಿ ಕೂತರೆ ಎರಡನೇ ಬ್ರೇಕು ಅವರ ಕಾಲಡಿ ಇರುತ್ತದೆ ಎಂದರು. ದಿನವಿಡೀ ಮಷೀನ್ ತುಳಿಯುವ ಕಾಲು, ಚೆನ್ನಾಗಿ ಪಳಗಿದೆ ಎಂದು ಶಿಫಾರಸನ್ನೂ ಸೇರಿಸಿದರು. ನನಗೆ ಅವಮಾನವಾಯಿತು. ಗಂಡ ಓಡಿಸುವುದು, ಹೆಂಡತಿ ನಿಲ್ಲಿಸುವುದು ಅಂದರೆ ಜನ ಏನಂದುಕೊಳ್ಳುತ್ತಾರೆ ಎಂದೆ. ಮನೆಗಳಲ್ಲಿ ಮತ್ತೆ ಹೇಗೆ ನಡೆಯುತ್ತದೆ ಎಂದು ಭಾಯಿ ಕೇಳಿದರು.

ನೇತ್ರಾ ಮಷೀನಿನ ಮೇಲಿದ್ದ ತನ್ನ ಕಾಲನ್ನು ಒಮ್ಮೆ ನೋಡಿಕೊಂಡಳು.

ನೇತ್ರಾ: ಬ್ರೇಕು ನನ್ನ ಕಡೆ ಇದ್ರೆ ವಿಚಾರ ಮಾಡ್ಬಹುದು.

ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಸಿದ್ದಾಪುರದಿಂದ ಅವ್ವನ ಫೋನು ಬಂತು. ನಮ್ಮ ಅವ್ವ ಹೊನ್ನಿ ಫೋನಿನಲ್ಲಿ ಮಾತಾಡಿದರೆ ಸ್ಪೀಕರ್ ಹಾಕುವ ಅಗತ್ಯ ಬೀಳುವುದಿಲ್ಲ.

ಅವ್ವ: ಯಾರಿಗೆ ಎಂತಾಯ್ತು, ತಮಾ?

ನಾನು: ಎಂತ ಆಗ್ಲಿಲ್ಲ ಅವ್ವಾ. ಊರು ನೋಡೂಕೆ ಕಾರಲ್ಲಿ ಹೋಗೂದು.

ಅವ್ವ: ನನ್ನ ಹತ್ರ ಮುಚ್ಚಿಡ್ಬೇಡ. ಊರು ನೋಡೂಕೆ ಮಂಗ್ಳೂರಿಗೆ ಯಾರು ಹೋಗ್ತಾರೆ? ನೇತ್ರಾಗಾ, ನಿಂಗಾ?

ಇಬ್ಬರೂ ಗಟ್ಟಿಯಾಗಿದ್ದೇವೆ ಎಂದು ನಂಬಿಸುವಷ್ಟರಲ್ಲಿ ನನಗೇ ಎಲ್ಲೋ ನೋವಿದ್ದ ಹಾಗೆ ಅನಿಸತೊಡಗಿತು. ನಂಬಿದ ಮೇಲೆ ಅವ್ವನಿಗೆ ಬೇಸರವಾಯಿತು, ಏನೂ ಇಲ್ಲದೆ ಅಷ್ಟು ದೂರ ಹೋಗುವುದು ದಂಡ ಎನ್ನುವ ಬೇಸರ. ಆ ದಂಡವನ್ನು ತಪ್ಪಿಸುವ ಉಪಾಯವೂ ಅವಳಿಗೆ ಆಗಲೇ ಹೊಳೆಯಿತು. ಹೆಂಗೂ ಕಾರು ಹೋಗುತ್ತದೆ, ಹಿಂದಿನ ಸೀಟು ಖಾಲಿ ಇರುತ್ತದೆ, ತನ್ನ ಅಣ್ಣ ಮನೋಹರ ಮಾವನ ಮೊಣಕಾಲನ್ನು ಒಂದು ಸಲ ತೋರಿಸಿಕೊಂಡು ಬಂದುಬಿಡಿ ಎಂದಳು.

ನಾನು: ಅಡ್ಡಿಲ್ಲ, ಅವ್ವಾ.

ನಮ್ಮ ಕಡೆ ಈ ಮಾತು ಬಹಳ ಅನುಕೂಲದ್ದು. ಮನಸ್ಸಿದ್ದರೂ ಅಡ್ಡಿಲ್ಲ, ಇಲ್ಲದಿದ್ದರೂ ಅಡ್ಡಿಲ್ಲ. ನನ್ನ ಬಾಯಿಂದ ಅದು ಕೆಮ್ಮಿನ ಹಾಗೆ ತಾನಾಗಿಯೇ ಬರುತ್ತದೆ. ಫೋನಿಟ್ಟು ತಿರುಗಿದರೆ ಮಷೀನ್ ನಿಂತಿತ್ತು.

ನೇತ್ರಾ: ಇನ್ನೂ ಯಾರ್‍ಯಾರಿಗೆ ಅಡ್ಡಿಲ್ಲ ಅಂದಿದ್ದೀರಿ?

ಹೇಳಬೇಕಾಯಿತು. ರಜೆ ಕೊಟ್ಟ ವಿಶ್ವೇಶ್ವರಣ್ಣ, ಹೋಗುವವರು ಹೋಗುತ್ತೀರಲ್ಲ ಎಂದು ಅವರ ಅತ್ತೆಯ ಕಣ್ಣಿನ ವಿಷಯ ತೆಗೆದಿದ್ದರು. ರಜೆ ಕೊಟ್ಟವರಿಗೆ ಇಲ್ಲ ಅನ್ನುವುದು ಹೇಗೆ? ಕೋಲಸಿರ್ಸಿಯಿಂದ ನೇತ್ರಾಳ ಅಪ್ಪ ಶಾಂತಾರಾಮ ಮಾವನೂ ಫೋನ್ ಮಾಡಿದ್ದರು. ಅವರು ಈಗ ಆರೋಗ್ಯವಾಗಿದ್ದಾರೆ, ಆದರೂ ಹಳೇ ಎಕ್ಸ್‌ರೇಗಳನ್ನು ಡಾಕ್ಟರು ಇನ್ನೊಮ್ಮೆ ನೋಡಿದರೆ ಸಮಾಧಾನವಂತೆ. ಒಂದು ಚೀಲ ಅಷ್ಟೇ. ಇದನ್ನೆಲ್ಲ ಕೇಳುತ್ತ ಕೂತಿದ್ದ ಯಾಸೀನ್ ಭಾಯಿ ಗಂಟಲು ಸರಿಮಾಡಿಕೊಂಡು, ಕಾರು ಕೊಡುವಾಗ ಹೇಳೋಣ ಅಂತಿದ್ದೆ, ನನ್ನ ತಮ್ಮನ ಹೆಂಡತಿಗೆ ಹಲ್ಲಿನದ್ದೊಂದು ತಾಪತ್ರಯ ಅದೆ ಎಂದರು.

ಆಮೇಲೆ ನಾವು ಮೂವರೂ, ಯಾರೂ ಹೇಳದೆ, ಸೀಟು ಹಂಚಲು ಕೂತೆವು. ಮೊಣಕಾಲು ಮಡಚಲು ಬರುವುದಿಲ್ಲ, ಆದ್ದರಿಂದ ಮನೋಹರ ಮಾವ ಹಿಂದೆ ಅಡ್ಡ ಕೂರಬೇಕು. ಉಳಿದ ತುದಿಯಲ್ಲಿ ಹಲ್ಲು. ವಿಶ್ವೇಶ್ವರಣ್ಣನ ಅತ್ತೆಗೆ ಘಟ್ಟದಲ್ಲಿ ವಾಂತಿ, ಮುಂದಿನ ಸೀಟೇ ಆಗಬೇಕು.

ನಾನು: ಮುಂದಿನ ಸೀಟಿನಡಿ ಬ್ರೇಕು ಅದೆಯಲ್ಲ, ಭಾಯ್.

ಯಾಸೀನ್: ಕಣ್ಣು ಕಾಣದವ್ರನ್ನ ಬ್ರೇಕಿನ ಮೇಲೆ ಕೂರಿಸ್ಬಾರ್ದು.

ನೇತ್ರಾ: ನಾ ಎಲ್ಲಿ ಕೂರೂದು?

ಡಿಕ್ಕಿಯಲ್ಲಿ ಎಕ್ಸ್‌ರೇ ಚೀಲ ಇರುತ್ತದೆ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಭಾಯಿ ಕಿಟಕಿಯ ಕಡೆ ನೋಡುತ್ತಿದ್ದರು.

ನೇತ್ರಾ: ಅಪ್ಪನ ಜೊತೆ ಎರಡು ಸಲ ಹೋಗಿದ್ದೆ. ವಾರ್ಡಿನ ಕಿಟಕಿಯಿಂದ, ಎರಡು ನೀರಿನ ಟಾಂಕಿಯ ನಡುವೆ, ಸೀರೆ ಅಂಚಿನಷ್ಟು ಒಂದು ನೀಲಿ ಪಟ್ಟಿ ಕಾಣ್ತಿತ್ತು. ಅದು ಸಮುದ್ರ ಅಂತ ಪಕ್ಕದ ಬೆಡ್ಡಿನವ್ರು ಹೇಳಿದ್ರು. ನರ್ಸ್ ಬಂದು ಪರದೆ ಎಳೆದ್ರೆ ಅದೂ ಹೋಗ್ತಿತ್ತು. ಸಮುದ್ರ ಗೋಕರ್ಣದಲ್ಲೂ ಅದೆ, ಗೊತ್ತು. ನಂಗೆ ಆ ಪಟ್ಟಿನೇ ಪೂರ್ತಿ ನೋಡ್ಬೇಕು. ಯಾರ ಫೈಲೂ ಕೈಲಿ ಹಿಡ್ಕಳದೆ.

ಅವಳು ಕತ್ತರಿ ಕೆಳಗಿಟ್ಟು ಟೂರಿನವರಿಗೆ ಫೋನ್ ಮಾಡಿದಳು. ದೇವಸ್ಥಾನ ಕೇಳಲಿಲ್ಲ, ಮ್ಯೂಸಿಯಂ ಕೇಳಲಿಲ್ಲ. ಬಸ್ಸು ನಡುವೆ ಆಸ್ಪತ್ರೆಯ ಹತ್ತಿರ ನಿಲ್ಲುತ್ತದೆಯೇ ಎಂದು ಒಂದೇ ಪ್ರಶ್ನೆ ಕೇಳಿದಳು. ಎಲ್ಲೂ ನಿಲ್ಲುವುದಿಲ್ಲ, ನಡುವೆ ಇಳಿದವರಿಗೆ ಕಾಯುವುದೂ ಇಲ್ಲ, ಗೈಡ್ ಬಹಳ ಸ್ಟ್ರಿಕ್ಟ್ ಎಂದು ಆ ಕಡೆಯಿಂದ ಉತ್ತರ ಬಂತು. ನೇತ್ರಾಳ ಮುಖ ಅರಳಿದ್ದನ್ನು ಆ ಮನುಷ್ಯ ನೋಡಿದ್ದರೆ ಗೈಡಿಗೆ ಸಂಬಳ ಹೆಚ್ಚಿಸುತ್ತಿದ್ದನೇನೋ. ಎರಡು ಸೀಟು ಹೇಳಿ, ಕೂಡಲೇ ಸಿದ್ದಾಪುರಕ್ಕೆ ಫೋನ್ ಹಚ್ಚಿದಳು.

ನೇತ್ರಾ: ಅತ್ತೇ, ಕಾರು ಇಲ್ಲ, ಬಸ್ಸಿಗೆ ಹೋಗ್ತಿದ್ದೇವೆ. ಅದು ಆಸ್ಪತ್ರೆ ಕಡೆ ಹೋಗೂದಿಲ್ಲ. ನಾವು ಹೇಳಿದ್ರೂ ಗೈಡ್ ಕೇಳೂದಿಲ್ಲ.

ಅವ್ವ: ನೀವು ಹೇಳಿದ್ರೆ ಹೆಂಗೆ ಕೇಳ್ತಾನೆ? ಅಂವನ ನಂಬರ್ ಕೊಡು, ನಾ ಮಾತಾಡ್ತೆ.

ಗೈಡಿಗೆ ನಂಬರ್ ಇಲ್ಲ, ಮೈಕ್ ಮಾತ್ರ ಇರುವುದು ಎಂದು ನೇತ್ರಾ ನಯವಾಗಿ ಹೇಳಿ ಫೋನ್ ಇಟ್ಟಳು. ಮೊಣಕಾಲು, ಕಣ್ಣು, ಹಲ್ಲು, ಚೀಲ ಎಲ್ಲವನ್ನೂ ಮುಂದಿನ ವಾರ ತಾನೇ ಒಯ್ದು ತೋರಿಸಿ ತರುತ್ತೇನೆ ಎಂದು ಯಾಸೀನ್ ಭಾಯಿ ಒಪ್ಪಿಕೊಂಡು ಎದ್ದರು. ಚಪ್ಪಲಿ ಹಾಕಿದವರು ಮತ್ತೆ ಬಾಗಿಲ ಹತ್ತಿರ ನಿಂತರು.

ಯಾಸೀನ್: ನೇತ್ರಕ್ಕ, ಆ ಬಸ್ಸಲ್ಲಿ ಇನ್ನೊಂದು ಸೀಟು ಇರಬಹುದಾ? ಶಿರಸೀಲಿ ಯಾರಿಗೂ ಹೇಳೂದು ಬೇಡ.

ಅವರು ಹೋದ ಮೇಲೆ ನನಗೆ ಹೊಳೆಯಿತು. ಬೆಳಗಿನಿಂದ ನಾನು ನನ್ನ ಡ್ರೈವಿಂಗ್ ಪರವಾಗಿ ವಾದ ಮಾಡಿದ್ದೆಲ್ಲ ದಂಡ. ಅವಳಿಗೆ ನಂಬಿಕೆ ಇಲ್ಲದಿದ್ದುದು ನನ್ನ ಕಾಲಿನ ಮೇಲಲ್ಲ, ಬಾಯಿಯ ಮೇಲೆ. ಬಸ್ಸಾದರೆ 'ಇಲ್ಲ' ಎನ್ನಲು ಅಲ್ಲೊಬ್ಬ ಇರುತ್ತಾನೆ. ಬೇಸರವಾಗಬೇಕಿತ್ತು, ಆದರೆ ಒಳಗೊಳಗೇ ಖುಷಿಯಾಯಿತು. ಆ ಖುಷಿಯಲ್ಲಿ, ಕೇಳಬಾರದ್ದನ್ನು ಕೇಳಿದೆ.

ನಾನು: ಅಂದ್ರೆ, ಆ ಕಾರಲ್ಲಿ ನಾವಿಬ್ರೇ ಹೋಗಿ, ನಾನೇ ಓಡಿಸಿದ್ರೂ ನಿಂಗೆ ಹೆದ್ರಿಕೆ ಇರ್ಲಿಲ್ಲ, ಅಲ್ದಾ?

ನೇತ್ರಾ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

ನೇತ್ರಾ: ಹೆದ್ರಿಕೆ ಎಂತಕ್ಕೆ? ನಾ ಬ್ರೇಕಿನ ಮೇಲಿಂದ ಕಾಲೇ ತೆಗೀತಿರ್ಲಿಲ್ಲ. ಕಾರು ಅಂಗಳ ದಾಟಿದ್ರೆ ತಾನೆ ಹೆದ್ರೂದು.