ನಿಜವಾದ ಗಿಳಿ ಇದಕ್ಕಿಂತ ಹಸಿರು

ಅನಾಹುತವೆಲ್ಲ ಶುರುವಾದದ್ದು ಅಂಗೈಯಗಲದ ಒಂದು ಸೋಪಿನ ಲೇಬಲ್ಲಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಕತೆಯನ್ನು ಬೇರೆಯವರೂ ಹೇಳಿಕೊಂಡು ತಿರುಗುತ್ತಾರೆ, ಅವರೆಲ್ಲ ಗಿಳಿಯಿಂದ ಶುರು ಮಾಡುತ್ತಾರೆ. ಅವರಿಗೆ ಕತೆ ಹೇಳಲು ಬರುವುದಿಲ್ಲ, ನನಗೆ ಬರುತ್ತದೆ. ಒಂದಕ್ಕೆ ಎರಡು ಸೇರಿಸಿ ಹೇಳುವ ಚಿಲ್ಲರೆ ಬುದ್ಧಿಯೂ ನನ್ನದಲ್ಲ. ಸೇರಿಸುವುದೇ ಆದರೆ ಹತ್ತು ಸೇರಿಸುತ್ತೇನೆ.

ಬೆಳಿಗ್ಗೆ ಪ್ರೆಸ್ಸಿನ ಬಾಗಿಲು ತೆರೆದು ಇನ್ನೂ ಕಸ ಗುಡಿಸಿರಲಿಲ್ಲ. ಸೋಪಿನ ಕಾರ್ಖಾನೆಯವರು ಒಂದು ಕೈಯಲ್ಲಿ ಲೇಬಲ್ಲು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಒಳಗೆ ನುಗ್ಗಿದರು.

"ಕಲರ್ ಸರಿಯಿಲ್ಲ!"

ಅವರದು ಎಂಥ ಗಂಟಲೆಂದರೆ, ಆಚೆ ಬೀದಿಯಲ್ಲಿ ತೊಟ್ಟಿಲಲ್ಲಿ ಮಲಗಿದ್ದ ಕೂಸುಗಳೆಲ್ಲ ಎದ್ದು ಕೂತವು.

"ನೋಡಿ ಮೇಷ್ಟ್ರೇ, ಮೊಬೈಲಲ್ಲಿ ನೀವು ಕಳಿಸಿದ ಗಿಳಿ ಹೆಂಗಿದೆ? ಈಗ ತಾನೇ ಸ್ನಾನ ಮಾಡ್ಕೊಂಡು ಬಂದಂಗಿದೆ! ಪ್ರಿಂಟ್ ಹೊಡೆದ ಗಿಳಿ ನೋಡಿ. ವಾರದಿಂದ ಜ್ವರ ಹಿಡಿದು ಮಲಗಿದಂಗಿದೆ. ಇದನ್ನ ಅಂಟಿಸಿದ್ರೆ ನನ್ನ ಸೋಪು ಯಾರು ತಗೋತಾರೆ? ಕಲರ್ ಸರಿಯಿಲ್ಲ! ಕಲರ್ ಸರಿಯಿಲ್ಲ!"

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಡಿಸೈನ್ ಮಾಡುವವರು. ಬಣ್ಣದ ಬಗ್ಗೆ ಯಾರು ತಕರಾರು ತೆಗೆದರೂ ಹಿಡಿದು ಕೂರಿಸಿ ಪಾಠ ಹೇಳುತ್ತಿದ್ದುದರಿಂದ ಕಲರ್ ಮೇಷ್ಟ್ರು ಎಂದು ಹೆಸರು ಬಿದ್ದಿತ್ತು. ಊರಿನ ಉಳಿದೆಲ್ಲ ಪ್ರೆಸ್ಸುಗಳಲ್ಲೂ ಗಿರಾಕಿಗಳಿಗೆ ಈ ಪಾಠ ಒಪ್ಪಿಸಿಯೇ ಕೆಲಸ ಕಳೆದುಕೊಂಡು, ಕೊನೆಗೆ ಇಲ್ಲಿ ಬಂದು ನಿಂತಿದ್ದರು. ಮುಂದಕ್ಕೆ ಪ್ರೆಸ್ಸೇ ಉಳಿದಿರಲಿಲ್ಲ. "ಇದೂ ಹೋದ್ರೆ ಮನೆಗೆ ಬರಬೇಡಿ, ಅಲ್ಲೇ ಯಾವುದಾದ್ರೂ ಗೋಡೆಗೆ ಪಾಠ ಹೇಳ್ಕೊಂಡಿರಿ," ಎಂದು ಹೆಂಡತಿ ಹೇಳಿಟ್ಟಿದ್ದಳು.

ಆದರೂ ನಾಲಗೆ ಕೇಳಬೇಕಲ್ಲ.

"ಸಾರ್, ಸ್ಕ್ರೀನ್ ಅಂದ್ರೆ ಏನು? ದೀಪ! ಕೆಂಪು, ಹಸಿರು, ನೀಲಿ ಬೆಳಕು ಸೇರ್ಕೊಂಡು ನೇರ ನಿಮ್ಮ ಕಣ್ಣಿಗೆ ಬರುತ್ತೆ. ಕಾಗದದ ಹಿಂದೆ ದೀಪ ಇದೆಯಾ? ಇಲ್ಲ. ಮೇಲಿಂದ ಬಿದ್ದ ಬೆಳಕಲ್ಲಿ ಇಂಕು ಒಂದಷ್ಟು ನುಂಗುತ್ತೆ, ಮಿಕ್ಕಿದ್ದು ನಮ್ಮ ಪಾಲಿಗೆ. ಇರೋದು ನಾಲ್ಕೇ ಇಂಕು. ಅದನ್ನ ತಲೆಕೆಳಗಾಗಿ ನಿಂತು ಕಲಸಿದ್ರೂ ಸ್ಕ್ರೀನಿನ ಗಿಳಿ ಹಸಿರು ಬರಲ್ಲ."

"ಹಾಗಾದ್ರೆ ಸ್ಕ್ರೀನ್ ಸುಳ್ಳು ಹೇಳುತ್ತೆ ಅನ್ನಿ."

"ಛೆ ಛೆ! ಬೇಕಾದ್ರೆ ಒರಿಜಿನಲ್ಲೇ ಪಕ್ಕಕ್ಕಿಟ್ಟು ತೋರಿಸ್ತೀನಿ!"

ಒರಿಜಿನಲ್ಲು ಮೇಜಿನ ಮೇಲೆ ಪಂಜರದಲ್ಲಿ ಕೂತಿತ್ತು. ಲೇಬಲ್ಲಿನ ಗಿಳಿ ಪ್ರೆಸ್ಸಿನ ಯಜಮಾನರ ತಾಯಿಯದು. ಅಜ್ಜಿಯ ಕಣ್ಣು ಮಂಜಾಗತೊಡಗಿದ ಮೇಲೆ ಮನೆಗೆ ಬಂದ ಆ ಗಿಳಿಯನ್ನು ಆಕೆ ತನ್ನ ಕಿರಿಮಗ ಎಂದೇ ಸಾಕಿದ್ದಳು. ಹಾಗಾಗಿ ಪ್ರೆಸ್ಸಿನವರೆಲ್ಲ ಅದನ್ನು 'ಚಿಕ್ಕ ಯಜಮಾನರು' ಎಂದು ಬಹುವಚನದಲ್ಲೇ ಕರೆಯುತ್ತಿದ್ದರು. ಅಜ್ಜಿ ಕಲಿಸಿದ "ಕಂದಾ, ಊಟ ಆಯ್ತಾ?" ಎಂಬ ಒಂದೇ ಮಾತನ್ನು ಅವರು ಅಜ್ಜಿಯದೇ ದನಿಯಲ್ಲಿ ಆಡುತ್ತಿದ್ದರು.

ಅಂದು ಬೆಳಿಗ್ಗೆ ದೊಡ್ಡ ಯಜಮಾನರು ಪಂಜರ ತಂದಿಟ್ಟು, ಬೆರಳಾಡಿಸಿ ಹೇಳಿ ಹೋಗಿದ್ದರು: "ಅಮ್ಮನ ಕಣ್ಣಿನ ಪಟ್ಟಿ ಇವತ್ತು ಬಿಚ್ತಾರೆ. ಒಂದು ಕಣ್ಣು ಎಂದೋ ಹೋಯ್ತು, ಉಳಿದಿರೋ ಒಂದರ ಪೊರೆ ಈಗ ತೆಗೆಸಿದೀವಿ. ಕಣ್ಣು ಬಿಟ್ರೆ ಮೊದಲು ಇದನ್ನೇ ನೋಡ್ಬೇಕಂತೆ, ನನ್ನ ಮುಖನೂ ಬೇಡವಂತೆ! ಸಾಯಂಕಾಲ ಆಸ್ಪತ್ರೆಯಿಂದ ಸೀದಾ ಇಲ್ಲಿಗೇ ಬರ್ತೀವಿ. ಅಲ್ಲೀತನಕ ನಿಮ್ಮ ಜವಾಬ್ದಾರಿ. ಒಂದು ಪುಕ್ಕ ಕಮ್ಮಿಯಾದ್ರೂ ನಾಳೆಯಿಂದ ನೀವು ಬರೋದು ಬೇಡ."

ಇಷ್ಟೆಲ್ಲ ಕೇಳಿದ ಮೇಲೂ ಮೇಷ್ಟ್ರು ಪಂಜರದ ಬಾಗಿಲು ತೆರೆದರು. ಬಣ್ಣದ ಹುಚ್ಚು ಅಂಥದ್ದು. ಚಿಕ್ಕ ಯಜಮಾನರನ್ನು ಎರಡೂ ಕೈಯಲ್ಲಿ ಹಿಡಿದು ಮಾನಿಟರಿನ ಪಕ್ಕಕ್ಕೆ ತಂದರು. "ನೋಡಿ ಸಾರ್, ಇದು ಒರಿಜಿನಲ್, ಇದು ಸ್ಕ್ರೀನ್..."

ಸ್ಕ್ರೀನಿನ ಮೇಲೆ ಎಳೆಗರುವಿನಷ್ಟು ದೊಡ್ಡ ಗಿಳಿಯೊಂದು ಕಣ್ಣು ಕೆಕ್ಕರಿಸಿ ನೋಡುತ್ತಿತ್ತು. ಚಿಕ್ಕ ಯಜಮಾನರು ಕಿರುಚಿ, ಮೇಷ್ಟ್ರ ಹೆಬ್ಬೆರಳನ್ನು ಸಿಹಿಗೆಣಸಿನಂತೆ ಕಚ್ಚಿ, ಬುರ್ರೆಂದು ಎದ್ದರು. ಕುರ್ಚಿ ಮಗುಚಿತು. ಕಟ್ಟು ಬಿಚ್ಚಿದ್ದ ಲೇಬಲ್ಲುಗಳು ಫ್ಯಾನಿನ ಗಾಳಿಗೆ ಕೋಣೆ ತುಂಬ ಹಾರಾಡಿದವು.

"ಹೋಯ್ತು! ಕಿಟಕಿಯಿಂದ ಆಚೆ ಹೋಯ್ತು! ಹಸಿರಾಗಿ ಹಾರ್ಹೋಗಿದ್ದು ನಾನೇ ನೋಡ್ದೆ!" ಎಂದರು ಸೋಪಿನವರು. ಬೀದಿಯ ಎರಡೂ ತುದಿಗೆ ಕೇಳುವಂತೆ ಅದನ್ನು ಇನ್ನೊಮ್ಮೆ ಸಾರಿ, ಲೇಬಲ್ಲಿನ ಮಾತು ಆಮೇಲೆ ಆಡೋಣವೆಂದು ಮೆಲ್ಲಗೆ ಜಾರಿಕೊಂಡರು.

ಮೇಷ್ಟ್ರ ಮುಖ ಬಿಳಿ ಹಾಳೆಯಾಯಿತು.

"ಫೋನಲ್ಲಿ ಫೋಟೋ ಹಾಕಿಬಿಡಿ ಮೇಷ್ಟ್ರೇ," ಎಂದ ಪ್ರಿಂಟಿಂಗ್ ಮಷೀನು ನಡೆಸುವ ಮಷೀನಣ್ಣ. "ಅರ್ಧ ನಿಮಿಷದಲ್ಲಿ ಊರಿಗೆಲ್ಲ ಹೋಗುತ್ತೆ."

"ಊರಿಗೆಲ್ಲ ಅಂದ್ರೆ ಯಜಮಾನರಿಗೂ ಹೋಗುತ್ತಲ್ಲೋ! ಪೋಸ್ಟರ್ ಹೊಡಿ. ಅವರ ಕಾರು ಬರದ ಹಿಂದಿನ ಬೀದಿಗಳಲ್ಲಿ ಅಂಟ್ಸೋಣ. ಅವರು ಬರೋ ಮುಂಚೆ ಕಿತ್ತು ಹಾಕೋಣ."

ಒಳ್ಳೆಯ ಬಿಳಿ ಕಾಗದ ಹಿಂದಿನ ಗೋಡೌನಿನಲ್ಲಿತ್ತು. ಬೀಗ ತೆಗೆದು ತರುವಷ್ಟು ವ್ಯವಧಾನ ಯಾರಿಗಿತ್ತು? ಕೈಗೆ ಸಿಕ್ಕ ಮಾಸಲು ಕಾಗದವನ್ನೇ ಮಷೀನಿಗೆ ಕೊಟ್ಟರು. ಮೊದಲ ಪೋಸ್ಟರು ಹೊರಬಂತು. ಅದರೊಳಗಿನ ಗಿಳಿ ಪಾಚಿಗಟ್ಟಿದ ತೊಟ್ಟಿಯಲ್ಲಿ ಬಿದ್ದು, ಕೆಸರಲ್ಲಿ ಹೊರಳಿ, ಬಿಸಿಲಲ್ಲಿ ಒಣಗಿದಂತಿತ್ತು.

"ಕಲರ್ ಸರಿಯಿಲ್ಲ!" ಎಂದು ಮೇಷ್ಟ್ರು ಚೀರಿದರು.

"ಸ್ಕ್ರೀನ್ ಅಂದ್ರೆ ದೀಪ ಮೇಷ್ಟ್ರೇ. ಕಾಗದದ ಹಿಂದೆ ದೀಪ..."

"ಬಾಯ್ಮುಚ್ಚು!"

ಹಳದಿ ಏರಿಸಿದರು, ಗಿಳಿಗೆ ಕಾಮಾಲೆಯಾಯಿತು. ನೀಲಿ ಏರಿಸಿದರು, ಯಾರೋ ಹಿಡಿದು ಬಡಿದಂತಾಯಿತು. ಪ್ರತಿ ಸಲವೂ ಮೇಷ್ಟ್ರು "ಕಲರ್ ಸರಿಯಿಲ್ಲ" ಎಂದು ತಲೆ ಚಚ್ಚಿಕೊಂಡರು. ಹೊತ್ತು ಮಧ್ಯಾಹ್ನದತ್ತ ಓಡುತ್ತಿತ್ತು. ಕೊನೆಗೆ ಮೊದಲಿನ ಬಣ್ಣಕ್ಕೇ ಬಂದು, 'ಕಾಣೆಯಾಗಿದೆ' ಎಂಬ ದೊಡ್ಡಕ್ಷರದ ಪೋಸ್ಟರಿನ ಕೆಳಗೆ ಒಂದು ಸಾಲು ಸೇರಿಸಿದರು: 'ವಿ.ಸೂ.: ನಿಜವಾದ ಗಿಳಿ ಇದಕ್ಕಿಂತ ಹಸಿರು.'

ಪೋಸ್ಟರು ಗೋಡೆಗೆ ಅಂಟಿದ್ದೇ ತಡ, ಊರಿನ ರೆಕ್ಕೆಯುಳ್ಳ ಪ್ರಾಣಿಗಳೆಲ್ಲ ಪ್ರೆಸ್ಸಿಗೆ ಬರತೊಡಗಿದವು.

ಮೊದಲು ಮೊಟ್ಟೆ ಅಂಗಡಿಯವನು ಒಂದು ಕಂದು ಹೇಂಟೆ ತಂದ. "ಪೋಸ್ಟರ್ ಪಕ್ಕ ಹಿಡಿದು ನೋಡಿ ಸಾರ್, ಅಕ್ಕ ತಂಗಿ ಇದ್ದಂಗಿಲ್ವಾ?"

ಆಮೇಲೆ ಎದುರು ಮನೆಯ ಮಾವ ಪಾರಿವಾಳ ಹಿಡಿದು ಬಂದರು.

"ಮಾವ, ಇದು ಬೂದಿ ಬಣ್ಣ!"

"ನನ್ನ ಮಗಳ ಮದುವೆ ಕಾರ್ಡು ಹಾಳು ಮಾಡಿದಾಗ ನೀವೇ ಹೇಳಿದ್ರಲ್ಲ ಮೇಷ್ಟ್ರೇ, ಕಾಗದದ ಬಣ್ಣ ನಂಬಬಾರದು ಅಂತ? ಅದಕ್ಕೇ ನಾನು ಬಣ್ಣ ನೋಡೋಕೆ ಹೋಗ್ಲಿಲ್ಲ. ರೆಕ್ಕೆ ಇದೆಯಾ ಅಂತ ನೋಡ್ದೆ."

ಪೇಂಟಿನ ಅಂಗಡಿಯವನು ಹಕ್ಕಿ ತರಲಿಲ್ಲ, ಶೇಡ್ ಕಾರ್ಡು ತಂದ. ಮೇಷ್ಟ್ರ ಮುಂದೆ ಅದನ್ನು ಬಿಚ್ಚಿ ಹರಡಿದ. "ಇದಕ್ಕಿಂತ ಹಸಿರು ಅಂದ್ರೆ ಎಷ್ಟು ಹಸಿರು? ನಂಬರ್ ಹೇಳಿಬಿಡಿ, ಹುಡುಕೋಕೆ ಸುಲಭ ಆಗುತ್ತೆ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಯಜಮಾನರು!

"ಮೇಷ್ಟ್ರೇ, ಪಟ್ಟಿ ಬಿಚ್ಚಾಯ್ತು. ಆದ್ರೆ ಅಮ್ಮ ಕಣ್ಣೇ ಬಿಡ್ತಿಲ್ಲ! ಮೊದಲು ಮಗು, ಆಮೇಲೆ ನೀವು ಅಂತ ಡಾಕ್ಟರಿಗೇ ಬೈದಳು. ಒಂದ್ಸಲ ಅದರ ಮಾತು ಕೇಳಿಸ್ಬೇಕಂತೆ. ಫೋನು ಪಂಜರದ ಹತ್ರ ಹಿಡೀರಿ."

ಮೇಷ್ಟ್ರು ಖಾಲಿ ಪಂಜರ ನೋಡಿದರು, ಹೇಂಟೆ ನೋಡಿದರು, ಪಾರಿವಾಳ ನೋಡಿದರು. ಪಕ್ಕದಂಗಡಿಯ ಟೈಲರಕ್ಕ ಜನ ಸೇರಿದ್ದನ್ನು ಕಂಡು ಬಂದು ನಿಂತಿದ್ದಳು. ಊರ ತಾಪತ್ರಯವನ್ನೆಲ್ಲ ಮೈಮೇಲೆ ಎಳೆದುಕೊಳ್ಳುವ ಹೆಂಗಸು. ತಟ್ಟನೆ ಫೋನು ಕಿತ್ತುಕೊಂಡು, ಮೂಗು ಹಿಡಿದು, "ಕಂದಾ, ಊಟ ಆಯ್ತಾ?" ಎಂದಳು.

ಮೇಷ್ಟ್ರು ಬಗ್ಗಿ ಫೋನಿಗೆ ಕಿವಿಯಾನಿಸಿದರು.

"ಮಗೂಗೆ ಗಂಟಲು ಕಟ್ಟಿದೆ," ಎಂದಿತು ಅಜ್ಜಿಯ ದನಿ. "ಬೇಗ ಹೊರಡೋ!"

ಬೇಗ! ಮೇಷ್ಟ್ರು ಬೀದಿಗೆ ಓಡಿದರು. ಆಗ ಟೈಲರಕ್ಕ ಕೂಗಿದಳು: "ಮೇಷ್ಟ್ರೇ, ನಮ್ಮ ಸೂರಿನ ಮೇಲೆ ನೋಡಿ! ಹಸಿರಾಗಿ ಏನೋ ಪಟಪಟ ಅಂತಿದೆ!"

ಏಣಿ ತರುವ ಮೊದಲೇ ಮೇಷ್ಟ್ರು ಕಿಟಕಿಯ ಸರಳು ಹಿಡಿದು ತಗಡಿನ ಸೂರು ಹತ್ತಿದ್ದರು. ಸೂರು ಬಾಣಲೆಯಂತೆ ಕಾದಿತ್ತು. ಕೆಳಗೆ ಊರೇ ನಿಂತು ಸಲಹೆ ಕೊಡುತ್ತಿತ್ತು. ಮೊಳೆಗೆ ಸಿಕ್ಕಿ ಪ್ಯಾಂಟು ಪರ್ರೆಂದಿತು. "ಹೆದರ್ಕೋಬೇಡಿ, ಹೊಲಿದು ಕೊಡ್ತೀನಿ!" ಎಂದು ಟೈಲರಕ್ಕ ಕೂಗಿದಳು. ಮೇಷ್ಟ್ರು ಉಸಿರು ಬಿಗಿಹಿಡಿದು, ಬೆಕ್ಕಿನಂತೆ ತೆವಳಿ, ಹಸಿರಿನ ಮೇಲೆ ದಬಕ್ಕನೆ ಬಿದ್ದರು.

ಕೈಯಲ್ಲಿದ್ದದ್ದು ಸೋಪಿನ ಲೇಬಲ್ಲು.

ಗಿಳಿಯಂತೆ ಕಾಣುವುದೇ ಇಲ್ಲ ಎಂದು ಸೋಪಿನವರು ಬೆಳಿಗ್ಗೆ ಜಗಳವಾಡಿದ್ದ ಅದೇ ಲೇಬಲ್ಲು! ಕಿಟಕಿಯಿಂದ ಹಾರಿದ್ದು ಅದೇ. ಅವರೇ ಅದನ್ನು ಗಿಳಿ ಎಂದು ಕಣ್ಣಾರೆ ಕಂಡಿದ್ದರು! ಹಾಗಾದರೆ ಗಿಳಿ ಹೊರಗೆ ಹೋಗಿಯೇ ಇಲ್ಲ! ಮೇಷ್ಟ್ರು ಸೂರಿನಿಂದ ಇಳಿದರೋ ಬಿದ್ದರೋ ನಾನು ಹೇಳಲಾರೆ. ಪ್ರೆಸ್ಸಿಗೆ ನುಗ್ಗಿ ಗೋಡೌನಿನ ಬೀಗ ತೆಗೆದರು. ಮೇಜಿನ ಹಿಂದೆಯೇ ಇರುವ ಕತ್ತಲೆ ಕೋಣೆ ಅದು. ಬಾಗಿಲ ಮೇಲೆ ಗಿಳಿ ತೂರುವಷ್ಟು ಒಂದು ಕಿಂಡಿ, ಪ್ರೆಸ್ಸಿನಲ್ಲಿ ಕೆಮ್ಮಿದರೂ ಅಲ್ಲಿ ಕೇಳಿಸುತ್ತದೆ.

ಬಿಳಿ ಕಾಗದದ ಬಂಡಲುಗಳ ತುದಿಯಿಂದ ಅಕ್ಕರೆಯ ದನಿಯೊಂದು ಬಂತು: "ಕಂದಾ, ಊಟ ಆಯ್ತಾ?"

"ಆಯ್ತು ನನ್ನಪ್ಪಾ, ಹೊಟ್ಟೆ ತುಂಬ ಆಯ್ತು!" ಎಂದು ಮೇಷ್ಟ್ರು ಅತ್ತೇಬಿಟ್ಟರು.

ಆಮೇಲಿನದೆಲ್ಲ ಓಟ. ಮಷೀನಣ್ಣ ಪೋಸ್ಟರುಗಳನ್ನು ಕಿತ್ತು ತಂದು ಮೂಲೆಗೆ ಸುರಿದ. ಮೇಷ್ಟ್ರು ಪ್ಯಾಂಟಿಗೆ ಪಿನ್ನು ಚುಚ್ಚಿಕೊಂಡರು. ಟೈಲರಕ್ಕ ಪಂಜರ ಒರೆಸಿ, ತಳಕ್ಕೆ ಕೈಗೆ ಸಿಕ್ಕ ಕಾಗದ ಹಾಸಿ, ಚಿಕ್ಕ ಯಜಮಾನರನ್ನು ಕೂರಿಸಿ ಬಾಗಿಲು ಭದ್ರ ಮಾಡುವುದಕ್ಕೂ ಹೊರಗೆ ಕಾರು ನಿಲ್ಲುವುದಕ್ಕೂ ಸರಿಹೋಯಿತು.

ಅಜ್ಜಿ ಕಪ್ಪು ಕನ್ನಡಕದ ಹಿಂದೆ ಕಣ್ಣು ಬಿಗಿಯಾಗಿ ಮುಚ್ಚಿ, ಮಗನ ಕೈ ಹಿಡಿದು ಬಂದಳು. ಕುರ್ಚಿಯಲ್ಲಿ ಕೂತಳು. ಪಂಜರವನ್ನು ತೊಡೆಯ ಮೇಲಿಟ್ಟರು. ಕನ್ನಡಕ ತೆಗೆದು, ಹೊಸ ಕಣ್ಣನ್ನು ಮೆಲ್ಲಗೆ ತೆರೆದಳು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

"ಇದ್ಯಾವುದೋ?" ಎಂದಳು ಅಜ್ಜಿ.

"ನಿಮ್ಮ ಮಗುನೇ ಅಜ್ಜಿ."

"ಇಷ್ಟು ಹಸಿರಾ? ಗೇಟಿಗೆ ಪೇಂಟ್ ಹೊಡೆದಂಗಿದೆ! ಇಷ್ಟು ವರ್ಷ ಕೈತುತ್ತು ತಿನ್ಸಿದೀನಿ, ನನ್ನ ಮಗೂನ ಬಣ್ಣ ನನಗೆ ಗೊತ್ತಿಲ್ವಾ?" ಆಕೆ ಪಂಜರದೊಳಗೆ ಬಗ್ಗಿ ನೋಡಿದಳು. ಚಿಕ್ಕ ಯಜಮಾನರು ದೊಡ್ಡ ಮನಸ್ಸು ಮಾಡಿ ಪಕ್ಕಕ್ಕೆ ಸರಿದರು. ಅಜ್ಜಿಯ ಮುಖ ಅರಳಿತು. "ಅಯ್ಯೋ, ಇಗೋ ಇಲ್ಲಿದಾನಲ್ಲ ನನ್ನ ಕಂದ! ಅದೇ ಮಾಸಲು ಮೈ, ಅದೇ ಹಳದಿ ಕಳೆ! ಇವನೇ ಕಣೋ!"

ಯಜಮಾನರು ಪಂಜರದ ತಳದಿಂದ ಕಾಗದ ಎಳೆದರು. ಜೋರಾಗಿ ಓದಿದರು.

"ಕಾಣೆಯಾಗಿದೆ." ಮೇಷ್ಟ್ರ ಕಡೆ ನೋಡಿದರು. "ನಿಜವಾದ ಗಿಳಿ ಇದಕ್ಕಿಂತ ಹಸಿರು." ಇನ್ನೊಮ್ಮೆ ನೋಡಿದರು. "ಕಳೆದುಹಾಕಿ, ಬೀದೀಲಿ ಯಾವುದೋ ಹಿಡಿದು ತಂದು ಕೂರ್ಸಿದೀರಾ ಮೇಷ್ಟ್ರೇ?"

"ಫೋನಲ್ಲೇ ಅಂದ್ಕೊಂಡೆ, ಇದು ನನ್ನ ಮಗೂನ ಗಂಟಲಲ್ಲ ಅಂತ," ಎಂದಳು ಅಜ್ಜಿ.

ಟೈಲರಕ್ಕನಿಗೆ ಒಲೆಯ ಮೇಲೆ ಹಾಲಿಟ್ಟಿದ್ದು ತಟ್ಟನೆ ನೆನಪಾಯಿತು. ಹೊರಟುಹೋದಳು.

"ಅಜ್ಜಿ, ಕೇಳಿ, ಪೊರೆ ಅಂದ್ರೆ ಏನು?" ಮೇಷ್ಟ್ರು ಪಾಠ ಶುರುಮಾಡಿದರು. "ಹಳದಿ ಗಾಜು! ಇಷ್ಟು ದಿನ ನೀವು ನೋಡಿದ್ದೆಲ್ಲ ಆ ಗಾಜಿನೊಳಗಿಂದ. ನಮ್ಮ ಮಾಸಲು ಕಾಗದ, ನಾಲ್ಕು ಇಂಕು ಸೇರಿ ಅದೇ ಬಣ್ಣಕ್ಕೆ ಬಂದ್ಬಿಟ್ಟಿದೆ. ಈಗ ನೋಡ್ತಿರೋದೇ ಒರಿಜಿನಲ್!"

"ಅಂದ್ರೆ ಇಷ್ಟು ವರ್ಷ ನಾನು ಮುದ್ದು ಮಾಡಿದ್ದು ಸುಳ್ಳಾ?"

ಊರಿನ ಪ್ರೆಸ್ಸುಗಳಲ್ಲೆಲ್ಲ ಪಾಠ ಹೇಳಿದ ಮೇಷ್ಟ್ರು ಪಾಠ ಅಲ್ಲಿಗೇ ಬಿಟ್ಟು ಗಿಳಿಯತ್ತ ತಿರುಗಿದರು. "ಮಾತಾಡ್ಸಿ ನೋಡಿ! ನಿಮ್ಮ ಮಾತೇ ಆಡುತ್ತೆ! ಹೇಳಪ್ಪಾ, ಹೇಳು..." ಎಂದು ಪಂಜರದ ಮುಂದೆ ಕೈಮುಗಿದರು.

ಚಿಕ್ಕ ಯಜಮಾನರು ಕತ್ತು ಕೊಂಕಿಸಿದರು, ಎದೆ ಉಬ್ಬಿಸಿದರು. ಸೋಪಿನವರ ಗಂಟಲಿನಲ್ಲಿ ಗರ್ಜಿಸಿದರು:

"ಕಲರ್ ಸರಿಯಿಲ್ಲ!"

"ನೋಡು, ಅದೇ ಒಪ್ಕೊಳ್ತಿದೆ," ಎಂದು ಅಜ್ಜಿ ಪೋಸ್ಟರನ್ನು ಎದೆಗೊತ್ತಿಕೊಂಡು ಎದ್ದಳು.

ಯಜಮಾನರು ಬಾಗಿಲಲ್ಲಿ ತಿರುಗಿ ನಿಂತರು. "ನಾಳೆ ಬೆಳಿಗ್ಗೆ ಈ ಕಾಗದದಲ್ಲಿರೋ ಗಿಳಿ ನನ್ನ ಮೇಜಿನ ಮೇಲಿರ್ಬೇಕು. ಇಲ್ಲಾಂದ್ರೆ ನೀವಿರೋದು ಬೇಡ. ಇದು ಯಾರದೋ ಏನೋ, ಅವರಿಗೆ ತಲುಪಿಸಿ. ಪಾಪ, ಹುಡುಕ್ತಿರ್ತಾರೆ."

ಕಾರು ಹೊರಟಿತು. ಮಷೀನಣ್ಣ ಕೆಮ್ಮಿದ.

"ಮೇಷ್ಟ್ರೇ, ಪೋಸ್ಟರ್ ಇನ್ನೊಂದಿಷ್ಟು ಹೊಡೀಲಾ?"

"ಹೊಡಿ."

"ಕೆಳಗಿನ ಸಾಲು ಇರ್ಲಾ?"

ಮೇಷ್ಟ್ರು ಹೆಬ್ಬೆರಳಿನ ಗಾಯ ನೋಡಿಕೊಂಡರು. "ತೆಗಿ. ಇದೇ ಬಣ್ಣದ್ದೇ ಬೇಕು."

ಕಾರು ಮೂಲೆ ತಿರುಗಿ ಮರೆಯಾಯಿತು. ಆಗ ಪಂಜರದಿಂದ, ಜೇನು ಸುರಿದಂತೆ, ಅಜ್ಜಿಯದೇ ದನಿ ಕೇಳಿಸಿತು:

"ಕಂದಾ, ಊಟ ಆಯ್ತಾ?"