ಹನ್ನೆರಡು ಕಾಲಮ್ಮಿನ ಬಂದೂಕು

ಪರ್ತಿನ ವಿಲೆಟನ್ ಬಡಾವಣೆಯ ರಮಾಕಾಂತನಿಗೆ ಯಾವುದನ್ನೂ ಥಟ್ಟನೆ ಕೊಂಡು ಗೊತ್ತಿರಲಿಲ್ಲ. ಮಿಕ್ಸಿಗೆ ಐದು ತಿಂಗಳು ಯೋಚಿಸಿದ್ದ. (ಅಷ್ಟೂ ದಿನ ಹೆಂಡತಿ ಕಸ್ತೂರಿ ಪಕ್ಕದ ಮನೆಯಲ್ಲಿ ಚಟ್ನಿ ರುಬ್ಬಿಕೊಂಡು ಬಂದಳು.) ಈಗ ಅವನ ಕಣ್ಣು ಕಾರ್ಬೈನಿನ ಮೇಲೆ ಬಿದ್ದಿತ್ತು: ಪಿಸ್ತೂಲಿನ ಗುಂಡನ್ನೇ ತುಂಬಿ ಲಿವರ್ ಎಳೆದು ಹಾರಿಸುವ, ಮರದ ಹಿಡಿಯ ಗಿಡ್ಡ ಬಂದೂಕು. ಶೂಟಿಂಗ್ ಕ್ಲಬ್ಬಿನಲ್ಲಿ ಎರಡು ವರ್ಷ ಎರವಲು ಬಂದೂಕಿನಲ್ಲೇ ಗುರಿ ಹಿಡಿದಿದ್ದ. ಲೈಸೆನ್ಸ್ ಬಂದಿತ್ತು. ಬಂದೂಕಿಡುವ ಕಬ್ಬಿಣದ ಪೆಟ್ಟಿಗೆ ಗೋಡೆಗೆ ಬೋಲ್ಟಾಗಿ, ಖಾಲಿ ಕೂತಿತ್ತು.

"ಆಯುಧಪೂಜೆಯೊಳಗೆ ಒಂದನ್ನ ಬುಕ್ ಮಾಡಿದ್ರೆ ಸರಿ ರೀ," ಎಂದಳು ಕಸ್ತೂರಿ. "ಇಲ್ದಿದ್ರೆ ಆ ದುಡ್ಡಲ್ಲಿ ನಾನು ಡೈನಿಂಗ್ ಟೇಬಲ್ ತಗೋತೀನಿ."

ರಮಾಕಾಂತ ಗಣಿಯಲ್ಲಿ ಕಲ್ಲು ಪರೀಕ್ಷಿಸುವವನು. ಹನ್ನೆರಡು ಕಾಲಮ್ಮಿನ ಮಹಾಪಟ್ಟಿಯೊಂದನ್ನು ರಚಿಸಿದ. ಪರ್ತಿನ ಬಂದೂಕು ಸಾವಿರದ ಮುನ್ನೂರು ಡಾಲರ್; ಅಗ್ಗ, ಆದರೆ ಬಣ್ಣ ಬಳಿದ ಸಾದಾ ಮರ. ಅಡಿಲೇಡಿನದು ಸಾವಿರದ ಎಂಟುನೂರು, ಅಕ್ರೋಟದ ಮರ. ಬ್ರಿಸ್ಬೇನಿನದು ಎರಡು ಸಾವಿರದ ಆರುನೂರು, ಮರವೂ ಲೋಹವೂ ಒಟ್ಟಿಗೇ ಹುಟ್ಟಿದಂತೆ ಕೂಡಿಕೊಂಡಿವೆಯಂತೆ. ಅಂತೆ ಎಂದರೆ ಅವನಿಗಾಗದು. ಮೈಸೂರಿನಲ್ಲಿ ಜೊತೆಗೆ ಓದಿದ, ಗುರಿಯ ಹುಚ್ಚೂ ಲೈಸೆನ್ಸೂ ಇದ್ದ ಇಬ್ಬರು ಗೆಳೆಯರಿಗೆ ಪಟ್ಟಿ ಕಳಿಸಿದ. "ಮರ, ಲೋಹ ಕೂಡೋ ಸಂದಿಗೆ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡ್ರೋ. ತೂರಿದ್ರೆ ಬೇಡ."

ಮೊದಲು ಬ್ರಿಸ್ಬೇನಿನ ರನ್‌ಕಾರ್ನಿನಿಂದ ವಿನಯನ ಫೋನು ಬಂತು.

"ಕಾರ್ಡು ತೂರಲ್ಲ ಕಣೋ. ಲಿವರ್ ಬೆಣ್ಣೆ ತರ ಬರುತ್ತೆ."

"ಮರದ ಎಳೆ?"

"ನೇರವಾಗಿದೆ. ನಿನ್ನ ಪಟ್ಟಿ ಓದ್ತಾ ಓದ್ತಾ ನೋಡಿದೆ ನೋಡು, ಹಾಗಾಗಿ..." ವಿನಯ ಕೆಮ್ಮಿದ. "ನಾನೇ ಅಡ್ವಾನ್ಸ್ ಕೊಟ್ಬಿಟ್ಟೆ."

ಅಡಿಲೇಡಿನ ಬೆಡ್‌ಫರ್ಡ್ ಪಾರ್ಕಿನಲ್ಲಿದ್ದ ಉಮಾಕಾಂತ ಎರಡು ದಿನ ಫೋನೇ ಎತ್ತಲಿಲ್ಲ. ಮೂರನೆಯ ದಿನ ಅಂಗಡಿಯ ರಸೀದಿಯ ಫೋಟೊ ಕಳಿಸಿದ. ಅದರಲ್ಲಿ ಅವನದೇ ಹೆಸರು.

"ಇನ್ನು ನಮ್ಮೂರಿನದು ಒಂದೇ," ಎಂದಳು ಕಸ್ತೂರಿ. "ಅದನ್ನೂ ಯಾರಿಗಾದ್ರೂ ತೋರಿಸಿಬಿಟ್ಟಿದ್ದೀರಾ?"

"ಇಲ್ಲಮ್ಮ. ಅಂಕಿಗಳು ಸರಿಯಿದೆಯಾ ಅಂತ ಅಂಗಡಿಯವನಿಗೆ ಒಂದು ಪ್ರತಿ ಕೊಟ್ಟಿದ್ದೆ, ಅಷ್ಟೆ."

ಹಬ್ಬದ ಹಿಂದಿನ ದಿನ ಅಂಗಡಿಗೆ ಹೋದರೆ ಗೋಡೆಯ ಆ ಜಾಗ ಖಾಲಿ. ಪಟ್ಟಿ ಮಾತ್ರ ಕೌಂಟರಿನ ಮೇಲೆ ಠೀವಿಯಿಂದ ಅಂಟಿಕೊಂಡಿತ್ತು. ಬೆಳಿಗ್ಗೆ ಬಂದ ಗಿರಾಕಿಯೊಬ್ಬ ಅದನ್ನು ನಿಂತು ಪೂರ್ತಿ ಓದಿ, ಈ ಬೆಲೆಗೆ ಇದೇ ವಾಸಿಯೆಂದು ಕೊಂಡನಂತೆ. ಇನ್ನೊಂದು ಪಟ್ಟಿ ಮಾಡಿಕೊಡುವಿರಾ ಎಂದು ಅಂಗಡಿಯವನು ಬಹಳ ವಿನಯದಿಂದ ಕೇಳಿದ.

ಆಯುಧಪೂಜೆಯ ಬೆಳಿಗ್ಗೆ ಕಸ್ತೂರಿ ಹೊಸ ಡೈನಿಂಗ್ ಟೇಬಲ್ಲಿಗೆ ಹೂವಿಟ್ಟು, ಕಬ್ಬಿಣದ ಪೆಟ್ಟಿಗೆಯ ಬೀಗ ತೆಗೆಸಿ, ಒಳಗೆ ಆ ಪಟ್ಟಿಯನ್ನು ನಿಲ್ಲಿಸಿ ಅರಿಶಿನ ಕುಂಕುಮ ಇಟ್ಟಳು.

"ಏನೇ ಇದು?"

"ಮೂರು ಊರಲ್ಲಿ ಮೂರು ಏಟು, ಒಂದೂ ಗುರಿ ತಪ್ಪಿಲ್ಲ. ಇದಕ್ಕಿಂತ ಒಳ್ಳೆ ಆಯುಧ ಇದೆಯೇನ್ರೀ ನಿಮ್ಮ ಹತ್ರ?"

ಅಷ್ಟರಲ್ಲಿ ವಿನಯನ ಫೋನು: ಮರದ ಹಿಡಿಗೆ ಯಾವ ಎಣ್ಣೆ ಹಚ್ಚಬೇಕು?

ರಮಾಕಾಂತ ಪೆಟ್ಟಿಗೆಗೆ ಬಗ್ಗಿದ. ಹನ್ನೆರಡನೆಯ ಕಾಲಮ್ಮಿನ ಮೇಲಿದ್ದ ಕುಂಕುಮವನ್ನು ಜೋಪಾನವಾಗಿ ಪಕ್ಕಕ್ಕೆ ಸರಿಸಿ, ಎಣ್ಣೆಯ ಹೆಸರನ್ನು ನಿಧಾನವಾಗಿ, ಎರಡು ಸಲ, ಓದಿ ಹೇಳಿದ.